ಬಾಡಿಗೆ ಇಲ್ಲದ ಕೋಣೆ

ಹೆಲ್ಸಿಂಗ್‌ಬೋರ್ಯ್
28 ಆಗಸ್ಟ್ 2024

ಇಂಚರಾ,

ಉಮೆಯೊ ಮನೆಯ ವಿಳಾಸಕ್ಕೆ ನಿನಗೆ ಬರೆದ ಕಾಗದ ವಾಪಸು ಬಂದಿದೆ. ಬಾಗಿಲ ಮೇಲೆ ನಿನ್ನ ಹೆಸರಿಲ್ಲವೆಂದು ಅಂಚೆಯವನು ಹಾಕದೆ ಹೋಗಿದ್ದಾನೆ. ಅಭಯ್‌ನನ್ನು ಕೇಳಿದರೆ, "ಅವಳೇ ಬೇಡ ಅಂದ್ಲಮ್ಮ, ಡಿಪಾರ್ಟ್‌ಮೆಂಟಿಗೇ ತರಿಸ್ಕೋತಾಳಂತೆ" ಎಂದ. ಒಂದು ಚೀಟಿ ಅಂಟಿಸುವುದಕ್ಕೂ ನಿನಗೆ ಸೋಮಾರಿತನ. ಆದ್ದರಿಂದ ಇದನ್ನು ಯೂನಿವರ್ಸಿಟಿಗೆ ಕಳಿಸುತ್ತಿದ್ದೇನೆ.

ಫೋನು ಮಾಡಬಹುದಲ್ಲ, ಕಾಗದ ಯಾಕೆ ಎಂದು ನಿನ್ನ ಅಮ್ಮ ಕೇಳಿದಳು. ಫೋನಿನಲ್ಲಿ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಕೂತು ಬರೆದರೆ ಮನುಷ್ಯ ಎಲ್ಲಿ ತಡೆದು ಪೆನ್ನು ಎತ್ತಿದ ಎನ್ನುವುದು ನನಗೆ ಗೊತ್ತಾಗುತ್ತದೆ.

ನನ್ನ ಅಕ್ಕನ ಮೊಮ್ಮಗಳು ಓದಲು ಸ್ವೀಡನ್ನಿಗೆ ಬಂದು, ಅದೇ ಊರಿನಲ್ಲಿ ನನ್ನ ಮಗ ಅಭಯ್ ಹೆಂಡತಿ ಮಗುವಿನ ಜೊತೆ ಇರುವಾಗ, ಅವಳು ಕಂಡವರ ಅಡುಗೆಮನೆಯಲ್ಲಿ ಸರದಿ ನಿಂತು ಬೇಯಿಸಿಕೊಳ್ಳುವುದು ನನಗೆ ಅವಮಾನ. ನಿನ್ನ ಅಪ್ಪ ಶಿವಕುಮಾರ ಬಾಡಿಗೆಯ ಮಾತು ತೆಗೆದಾಗ ನಾನು ಫೋನು ಇಟ್ಟುಬಿಟ್ಟೆ. ನಮ್ಮವರು ನಮ್ಮವರ ಹತ್ತಿರ ಬಾಡಿಗೆ ತೆಗೆದುಕೊಳ್ಳುವುದಿಲ್ಲ. ಇಂಗ್ಲೆಂಡಿನಲ್ಲಿ ಓದುತ್ತಿರುವ ನಿನ್ನ ಅಪ್ಪನ ಕಡೆಯ ಮಯಾಂಕ್ ಬಾಡಿಗೆ ಕೊಡಲಾರದೆ ಒಂದೇ ಹಾಸಿಗೆಯಲ್ಲಿ ಇನ್ನೊಬ್ಬ ಹುಡುಗನ ಜೊತೆ ಸರದಿಯ ಮೇಲೆ ಮಲಗುತ್ತಾನಂತೆ. ನಿನಗೆ ಆ ಗತಿ ಬರಲಿಲ್ಲ. ಅದನ್ನು ನೆನಪಿಟ್ಟುಕೊಂಡು ನಡೆ.

ಸಂಜೆ ದಿಯಾಳನ್ನು ಡಾಗಿಸ್ ಶಿಶುವಿಹಾರದಿಂದ ಕರೆದುಕೊಂಡು ಬಾ. ಪಾತ್ರೆ ತೊಳೆ. ನಿಖಿತಾ ಮೆತ್ತಗಿನ ಹುಡುಗಿ, ಕೆಲಸ ಬೇಗ ಸಾಗುವುದಿಲ್ಲ, ಕೈಜೋಡಿಸು. ಗಂಡ ಹೆಂಡತಿ ಮಾತಾಡುವಾಗ ನಡುವೆ ನಿಲ್ಲಬೇಡ.

ರಮಾ ಅಜ್ಜಿ


ಉಮೆಯೊ
19 ಸೆಪ್ಟೆಂಬರ್ 2024

ಚಿಕ್ಕಜ್ಜಿಗೆ,

ಡಿಪಾರ್ಟ್‌ಮೆಂಟಿನ ಮೇಡಂ ನಿಮ್ಮ ಕಾಗದವನ್ನು ಎಲ್ಲರ ಮುಂದೆ ಕೈಗೆ ಕೊಟ್ಟರು. ಕೈಬರಹದ ವಿಳಾಸ ನೋಡಿ ನನ್ನ ಜೊತೆ ಓದುವವರಿಗೆಲ್ಲ ಆಶ್ಚರ್ಯ. ಮೈತ್ರೇಯಿ ಎಂಬ ಧಾರವಾಡದ ಹುಡುಗಿ ಸಂಶೋಧನೆ ಮಾಡುತ್ತಿದ್ದಾಳೆ. "ನಮ್ಮಜ್ಜಿಗೂ ಒಂದು ಬರೀಲಿಕ್ಕ ಹೇಳಲೇ" ಎಂದು ನಕ್ಕಳು.

ಇಲ್ಲಿ ಎಲ್ಲವೂ ದುಬಾರಿ, ನೀವು ಹೇಳಿದ ಹಾಗೆಯೇ. ಬಸ್ಸಿನ ಪಾಸ್ ಬಿಟ್ಟು ಹಳೇ ಸೈಕಲ್ ತೆಗೆದುಕೊಂಡೆ. ಕೋಟು ಸೆಕೆಂಡ್‌ಹ್ಯಾಂಡ್ ಅಂಗಡಿಯದು, ಯಾರೋ ಅಜ್ಜನದಿರಬೇಕು, ಜೇಬಿನಲ್ಲಿ ಮೀನಿನ ಗಾಳ ಇತ್ತು. ಶನಿವಾರ ವಿದ್ಯಾರ್ಥಿಗಳು ಕೆರೆಯ ಹತ್ತಿರ ಬಿಟ್ಟುಹೋದ ಕ್ಯಾನ್‌ಗಳನ್ನು ಆರಿಸಿ ಅಂಗಡಿಯ ಯಂತ್ರಕ್ಕೆ ಹಾಕಿದರೆ ಸ್ವಲ್ಪ ಹಣ ಬರುತ್ತದೆ. ಬೈಯಬೇಡಿ, ಸ್ವೀಡಿಷ್ ಹುಡುಗರೂ ಹಾಗೇ ಮಾಡುತ್ತಾರೆ. ಮಧ್ಯಾಹ್ನ ಸಾಲಾಗಿ ಜೋಡಿಸಿದ ಮೈಕ್ರೋವೇವ್‌ಗಳ ಮುಂದೆ ಡಬ್ಬಿ ಹಿಡಿದು ನಿಲ್ಲುತ್ತೇವೆ. ಕೆಲವರ ಡಬ್ಬಿಯಲ್ಲಿ ವಾರವಿಡೀ ಬರೀ ಪಾಸ್ತಾ. ನನ್ನ ಸ್ಟೀಲ್ ಡಬ್ಬಿಯಲ್ಲಿ ನಿಖಿತಾ ಅತ್ತೆಯ ಪುಳಿಯೋಗರೆ, ತಟ್ಟೆಗೆ ಹಾಕಿ ಬಿಸಿ ಮಾಡುತ್ತೇನೆ. ಅವರ ಮುಂದೆ ನಾನು ಶ್ರೀಮಂತಳು.

ಅತ್ತೆಯ ಬಲಗೈ ಸುಟ್ಟಿದೆ. ಅಡುಗೆ ಮಾಡುವಾಗ ಆದದ್ದು. ಬ್ಯಾಂಡೇಜ್ ಹಾಕಿದೆವು. ಈಗ ನಾನೇ ಚಪಾತಿ ಲಟ್ಟಿಸುತ್ತಿದ್ದೇನೆ, ದಿಯಾ ಅದರ ಆಕಾರ ನೋಡಿ "ಫಿನ್‌ಲ್ಯಾಂಡ್" ಎನ್ನುತ್ತಾಳೆ.

ಅಭಯ್ ಮಾವ ತುಂಬಾ ಕೆಲಸದಲ್ಲಿರುತ್ತಾರೆ.

ಇಂಚರಾ


ಹೆಲ್ಸಿಂಗ್‌ಬೋರ್ಯ್
27 ಸೆಪ್ಟೆಂಬರ್ 2024

ಇಂಚರಾ,

ಕ್ಯಾನು ಆರಿಸುವುದು ನಿಲ್ಲಿಸು. ಉಮೆಯೊದಲ್ಲಿ ನಮ್ಮ ಜನ ಇದ್ದಾರೆ. ಯಾರಾದರೂ ನೋಡಿದರೆ ರಾಜಗೋಪಾಲರ ಮನೆಯ ಹುಡುಗಿ ಎನ್ನುತ್ತಾರೆ. ನಿನ್ನ ಚಿಕ್ಕತಾತ ಈ ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡಿ, ನಾನು ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿ ಈ ಹೆಸರು ಉಳಿಸಿಕೊಂಡಿದ್ದೇವೆ. ಓದಿದ್ದು ಹೈಸ್ಕೂಲೇ ಆದರೂ ಯಾರ ಮುಂದೆಯೂ ಕೈ ಚಾಚಲಿಲ್ಲ.

ನಿಖಿತಾ ಕೈ ಸುಟ್ಟುಕೊಂಡದ್ದು ನನಗೆ ಹೊಸ ವಿಷಯವಲ್ಲ. ಏಪ್ರಿಲ್‌ನಲ್ಲಿ ತುಟಿ ಒಡೆದುಕೊಂಡಿದ್ದಳು, ಕಪಾಟಿನ ಬಾಗಿಲು ತಾಗಿತಂತೆ. ಅವಳಿಗೆ ಮೈಮೇಲೆ ಗಮನವಿಲ್ಲ. ನಾನು ಮೂವತ್ತು ಸೇರಿನ ಹಂಡೆ ಎತ್ತಿದವಳು, ಒಂದು ಗುಳ್ಳೆ ಎದ್ದಿಲ್ಲ. ಅಭಯ್ ಪಾಪ, ಆಫೀಸೂ ನೋಡಬೇಕು ಇವಳನ್ನೂ ನೋಡಬೇಕು. ಅವಳಿಗೆ ಹೇಳು, ಒಲೆಯ ಮುಂದೆ ಕನಸು ಕಾಣಬೇಡ ಎಂದು.

ರಮಾ ಅಜ್ಜಿ


ಉಮೆಯೊ
8 ನವೆಂಬರ್ 2024

ಚಿಕ್ಕಜ್ಜಿಗೆ,

ಉತ್ತರ ತಡವಾಯಿತು. ಒಂದು ವಿಷಯ ಕೇಳಬೇಕು, ಸಿಟ್ಟಾಗಬೇಡಿ.

ಮೈತ್ರೇಯಿ ಇರುವ ಹಾಸ್ಟೆಲ್ ಕಾರಿಡಾರ್‌ನಲ್ಲಿ ಒಂದು ಕೋಣೆ ಜನವರಿಯಿಂದ ಖಾಲಿಯಾಗುತ್ತದೆ. ಕ್ಯೂನಲ್ಲಿ ಹೆಸರಿಟ್ಟು ಕಾದರೆ ಇನ್ನೆರಡು ಚಳಿಗಾಲ ಕಳೆಯುತ್ತದೆ. ಇದು ಅವಳ ಗೆಳತಿಯ ಕೋಣೆ, ಅವಳು ಊರಿಗೆ ಹೋಗುವಾಗ ನನಗೆ ಬಿಡುತ್ತಾಳೆ. ಬಾಡಿಗೆ ಹೆಚ್ಚು, ನಿಜ. ಆದರೆ ಮುಂಜಾನೆ ಪೇಪರ್ ಹಾಕುವ ಕೆಲಸ ಸಿಗುವ ಹಾಗಿದೆ. ಅಪ್ಪನಿಗೆ ಒಂದು ರೂಪಾಯಿ ಹೊರೆಯಾಗುವುದಿಲ್ಲ. ಮನೆಯಿಂದ ಯೂನಿವರ್ಸಿಟಿ ದೂರ, ಹಿಮದಲ್ಲಿ ಸೈಕಲ್ ಓಡುವುದಿಲ್ಲ. ಅದಕ್ಕೆ.

ನೀವು ಒಪ್ಪಿದರೆ ಅಭಯ್ ಮಾವನಿಗೆ ನೀವೇ ಹೇಳಿ. ನಾನು ಹೇಳಿದರೆ ಬೇಜಾರಾದಾರು. ನಾನು ಕೇಳಿದೆ ಎಂದು ಹೇಳಬೇಡಿ.

ನಿಖಿತಾ ಅತ್ತೆಗೆ ನೀವು ಹೇಳಿದ ಮಾತು ಹೇಳಲಿಲ್ಲ.

ಇಂಚರಾ


ಹೆಲ್ಸಿಂಗ್‌ಬೋರ್ಯ್
14 ನವೆಂಬರ್ 2024

ಇಂಚರಾ,

ಉಮೆಯೊದಲ್ಲಿ ಎಲ್ಲಿಂದ ಎಲ್ಲಿಗೆ ಎಷ್ಟು ದೂರ ಎಂದು ನನಗೆ ಗೊತ್ತು. ಸುಳ್ಳು ಹೇಳುವುದಾದರೆ ನಾನು ನೋಡದ ಊರಿನ ಬಗ್ಗೆ ಹೇಳು.

ನಿನಗೆ ಕಾರಿಡಾರ್ ಬೇಕು, ಹುಡುಗರು ಹುಡುಗಿಯರು ಒಂದೇ ಫ್ರಿಜ್ ಹಂಚಿಕೊಂಡು ಕುಣಿಯುವ ಜಾಗ ಬೇಕು. ಬಾಡಿಗೆ ಕೇಳದೆ ಇಟ್ಟುಕೊಂಡದ್ದಕ್ಕೆ ನಮ್ಮ ಮನೆ ಸದರವಾಯಿತೆ? ಅಭಯ್ ಹೇಳಿದ, ನೀನು ಅವನಿಗೆ ಮುಖ ಕೊಟ್ಟು ಮಾತಾಡುವುದಿಲ್ಲವಂತೆ. "ಊಟಕ್ಕೆ ಬಾ ಅಂದ್ರೆ ರೂಮಿಂದ ಹೊರಗೇ ಬರಲ್ಲಮ್ಮ, ನಾನೇನು ಹುಲಿನಾ" ಎಂದ. ನಾನು ನಿನ್ನ ಎದುರಿಗಿದ್ದಿದ್ದರೆ ಕೆನ್ನೆಗೆ ಎರಡು ಬಿಗಿಯುತ್ತಿದ್ದೆ. ಅವನ ಅಪ್ಪ ನನ್ನ ಮೇಲೆ ಒಂದು ದಿನ ಕೈ ಎತ್ತಿದವರಲ್ಲ, ಗಟ್ಟಿಯಾಗಿ ಗದರಿದವರಲ್ಲ. ಅಂಥವರ ಮಗನನ್ನು ಕಂಡು ನಿನಗೆ ಎಂಥ ಭಯ?

ಉಣ್ಣುವ ಅನ್ನದ ಋಣ ಎಂದು ಒಂದಿದೆ. ಉಂಡವರು ಆ ಮನೆಯ ಮರ್ಯಾದೆ ಕಾಯಬೇಕು. ಓದು ಮುಗಿಯುವ ತನಕ ಅಲ್ಲೇ ಇರುತ್ತೀಯ. ಈ ಮಾತು ಇಲ್ಲಿಗೆ ಮುಗಿಯಿತು.

ರಮಾ ಅಜ್ಜಿ


ಉಮೆಯೊ
3 ಡಿಸೆಂಬರ್ 2024

ಚಿಕ್ಕಜ್ಜಿಗೆ,

ಮಾತು ಮುಗಿದಿಲ್ಲ. ಲೈಬ್ರರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಪೆನ್ನು ಎಲ್ಲಿಯೂ ಎತ್ತುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಅತ್ತೆ ಕೈ ಸುಟ್ಟುಕೊಳ್ಳಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಮಾವ ತಟ್ಟೆ ಬಿಟ್ಟು ಎದ್ದು ಬಂದು, ಅವರ ಮಣಿಕಟ್ಟು ಹಿಡಿದು, ಪಾತ್ರೆ ಇಳಿಸಿದ ಒಲೆಯ ಗಾಜಿನ ಮೇಲೆ ಅಂಗೈ ಒತ್ತಿದರು. ಒಲೆ ಇನ್ನೂ ಕೆಂಪಗಿತ್ತು. ಅತ್ತೆ ಕಿರುಚಲಿಲ್ಲ, ಮಗು ಮಲಗಿದ್ದಳು ಎಂದು. ಚರ್ಮ ಗಾಜಿಗೆ ಅಂಟಿಕೊಂಡಿತ್ತು. ಮರುದಿನ ಅದನ್ನು ಬ್ಲೇಡಿನಿಂದ ಕೆರೆದು ತೆಗೆದವಳು ನಾನು.

ಹೋದ ಶುಕ್ರವಾರ ದಿಯಾಳನ್ನು ಕರೆದುಕೊಂಡು ಬಂದಾಗ ಮಾವ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ನಾನು ಮರೆತುಹೋದ ಸ್ಟೀಲ್ ಡಬ್ಬಿ ಅವರ ಕೈಯಲ್ಲಿತ್ತು. ಅತ್ತೆ ದಿನವೂ ನನಗೆ ಡಬ್ಬಿ ಕಟ್ಟುವುದು ಅವರಿಗೆ ಗೊತ್ತಿರಲಿಲ್ಲ.

"ಧರ್ಮಛತ್ರ ನಡೆಸ್ತಿದೀಯಾ? ಇಲ್ಲಿ ಅಕ್ಕಿ ಎಷ್ಟು ಅಂತ ಗೊತ್ತಾ ನಿಂಗೆ?"

ಅತ್ತೆ, "ಮಿಕ್ಕಿದ್ದು ಹಾಕ್ದೆ ರೀ" ಎಂದರು.

ಮಾವ ಡಬ್ಬಿಯಿಂದ ಅವರ ಕಿವಿಗೆ ಹೊಡೆದರು. ಅತ್ತೆ ಸಿಂಕಿನ ಮೇಲೆ ಬಿದ್ದರು. ಜಡೆ ಹಿಡಿದು ಎಬ್ಬಿಸಿ ಅದೇ ಜಾಗಕ್ಕೆ ಮತ್ತೆ ಹೊಡೆದರು. ದಿಯಾ ಬೂಟನ್ನೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಡಾಗಿಸ್‌ನಲ್ಲಿ ಕಲಿಸಿದ್ದನ್ನು ಸ್ವೀಡಿಷ್‌ನಲ್ಲಿ ಹೇಳಿದಳು: "ಮಾನ್ ಫೋರ್ ಇಂತೆ ಸ್ಲೋಸ್." ಹೊಡೆಯಬಾರದು ಎಂದು. ಅಲ್ಲಿ ಮಕ್ಕಳು ಜಗಳವಾಡಿದರೆ ಟೀಚರ್ ಹೇಳುವ ಮಾತು ಅದು. ಮಾವ ನಕ್ಕುಬಿಟ್ಟರು.

"ನೋಡೇ, ನಿನ್ನ ಮಗಳು ನಂಗೆ ರೂಲ್ಸ್ ಹೇಳ್ತಾಳೆ."

ನಕ್ಕು, ಮೂರನೆಯ ಸಲ ಹೊಡೆದರು. ಕಿವಿಯಿಂದ ರಕ್ತ ಬಂದು ಕತ್ತಿನವರೆಗೆ ಇಳಿಯಿತು.

ನಲ್ಲಿ ಸುರಿಯುತ್ತಿತ್ತು. ನಾನು ನಲ್ಲಿ ನಿಲ್ಲಿಸಿದೆ. ಅಷ್ಟೇ ನಾನು ಮಾಡಿದ್ದು. ಮಾವ ನನ್ನ ಕಡೆ ತಿರುಗಿ, "ಏನು ನೋಡ್ತೀಯಾ? ನೀನು ತಿಂತಿರೋದು ಯಾರ ಅನ್ನ, ಹೇಳು" ಎಂದರು. ನಾನು, "ನಿಮ್ದೇ ಮಾವ" ಎಂದೆ.

ಸೋಮವಾರ ಡಾಗಿಸ್‌ನ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, ದಿಯಾಳ ಅಮ್ಮನಿಗೆ ಏನಾಗಿದೆ ಎಂದು ಕೇಳಿದರು. ಮಂಜಿನ ಮೇಲೆ ಜಾರಿ ಬಿದ್ದರು ಎಂದೆ. ನಿಮ್ಮ ಕಾಗದ ನನ್ನ ಚೀಲದಲ್ಲಿತ್ತು. ಉಂಡ ಮನೆಯ ಮರ್ಯಾದೆ ಕಾಯ್ದೆ. ಅತ್ತೆಗೆ ಈಗ ಆ ಕಿವಿ ಕೇಳುವುದಿಲ್ಲ.

ನೀವು ಬನ್ನಿ. ಫೋನು ಮಾಡಬೇಡಿ, ಹೇಳದೆ ಬನ್ನಿ.

ಇಂಚರಾ


ಹೆಲ್ಸಿಂಗ್‌ಬೋರ್ಯ್
8 ಡಿಸೆಂಬರ್ 2024

ಇಂಚರಾ,

ನಿನ್ನ ಕಾಗದ ಓದಿದೆ. ಆದರೆ ನಾನು ಒಂದು ಕಡೆಯ ಮಾತು ಕೇಳಿ ತೀರ್ಮಾನ ಮಾಡುವವಳಲ್ಲ. ಇವತ್ತು ಅಭಯ್‌ಗೆ ವಿಡಿಯೊ ಫೋನು ಮಾಡಿದೆ. ನಿನ್ನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಅವನಿಗೆ ಓದಿ ಹೇಳಿದೆ. ಅವನು ಮುಖ ಮುಚ್ಚಿಕೊಂಡು ಅತ್ತ.

ಅಳು ನನಗೆ ಬೇಡ ಎಂದೆ. ದಿಯಾಳನ್ನು ಕರೆಸು, ಅವಳ ತಲೆಯ ಮೇಲೆ ಬಲಗೈ ಇಟ್ಟು ಹೇಳು, ನಿಖಿತಾಳ ಮೈ ಮುಟ್ಟಿದೆಯೋ ಇಲ್ಲವೋ ಎಂದೆ. ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಮುಟ್ಟಿಲ್ಲ ಎಂದ. ಮಗುವಿನ ಕಣ್ಣಲ್ಲಿ ನೀರಿತ್ತು, ನಿದ್ದೆಯಿಂದ ಎಬ್ಬಿಸಿದ್ದರಂತೆ. ನಿಖಿತಾಳೂ ಹಿಂದೆ ನಿಂತಿದ್ದಳು. ಕೇಳಿದರೆ, "ಏನಿಲ್ಲ ಅತ್ತೆ" ಎಂದಳು.

ನಮ್ಮ ಮನೆತನದಲ್ಲಿ ಮಕ್ಕಳ ತಲೆಯ ಮೇಲೆ ಸುಳ್ಳು ಆಣೆ ಹಾಕಿದವರಿಲ್ಲ. ಜೀವ ಹೋದರೂ ಹಾಕುವುದಿಲ್ಲ. ಹಾಗಾದರೆ ಸುಳ್ಳು ಹೇಳಿದವಳು ನೀನು. ಕಾರಿಡಾರ್ ಕೋಣೆಗಾಗಿ ನೀನು ಇಷ್ಟು ಕೆಳಗೆ ಇಳಿದೆ. ಅಭಯ್‌ನ ಕಾಲಿಗೆ ಬಿದ್ದು ಕ್ಷಮೆ ಕೇಳು. ಅವನು ಕ್ಷಮಿಸಿದ ಎಂದು ಅವನ ಬಾಯಿಂದ ಕೇಳುವ ತನಕ ನನಗೆ ಬರೆಯಬೇಡ.

ರಮಾ


ಉಮೆಯೊ
19 ಡಿಸೆಂಬರ್ 2024

ಚಿಕ್ಕಜ್ಜಿಗೆ,

ಅಕ್ಷರ ಸೊಟ್ಟಗಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕ್ಷಮೆ ಕೇಳು ಎಂಬ ನಿಮ್ಮ ಕಾಗದ ನನಗೆ ಸಿಕ್ಕಿದ್ದು ಆಸ್ಪತ್ರೆಯಿಂದ ಬಂದ ಮೇಲೆ.

ನೀವು ಫೋನು ಇಟ್ಟ ಮೇಲೆ ಮಾವ ಟ್ಯಾಬ್ಲೆಟ್ಟನ್ನು ಜೋಪಾನವಾಗಿ ಮೇಜಿನ ಮೇಲೆ ಇಟ್ಟರು. ಆಮೇಲೆ ದಿಯಾಳ ತಲೆಯಿಂದ ಕೈ ತೆಗೆದರು. ಬೆರಳುಗಳ ನಡುವೆ ಕೂದಲು ಬಂತು. ನೀವು ನೋಡುತ್ತಿದ್ದಷ್ಟು ಹೊತ್ತೂ ಅವರು ಅವಳ ಕೂದಲನ್ನು ಬುಡದಲ್ಲಿ ಹಿಡಿದಿದ್ದರು. ಅವಳಿಗೆ ನಿದ್ದೆ ಬಂದಿರಲಿಲ್ಲ.

"ಕಾಗದ ಬರೀತೀಯಾ?" ಎಂದು ನನ್ನ ಬಲಗೈ ಹಿಡಿದರು. ನನ್ನ ಕೋಣೆಯ ಬಾಗಿಲ ಸಂದಿಗೆ ಬೆರಳುಗಳನ್ನು ಇಟ್ಟು ಬಾಗಿಲು ಎಳೆದರು. ಮೊದಲ ಸಲ ಎರಡು ಮುರಿದವು. ತೆಗೆದು ಮತ್ತೆ ಎಳೆದರು. "ಬರಿ ಈಗ. ಅಮ್ಮಂಗೆ ಬರಿ."

ನಿಖಿತಾ ಅತ್ತೆ ಅಡುಗೆಮನೆಯಿಂದ ಬಂದು ಅವರ ತೋಳಿಗೆ ಕಚ್ಚಿದರು. ಅತ್ತೆ ಹಾಗೆ ಮಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಮಾವ ಅವರ ಮುಖವನ್ನು ಬಾಗಿಲ ಚೌಕಟ್ಟಿಗೆ ಬಡಿದರು. ಒಂದು ಸಲವಲ್ಲ. ಎಷ್ಟು ಸಲ ಎಂದು ಪೊಲೀಸರೂ ಕೇಳಿದರು, ನನಗೆ ಗೊತ್ತಿಲ್ಲ. ದವಡೆ ಮುರಿದ ಶಬ್ದ ಕೇಳಿಸಿತು. ಅದು ಒಣ ಕೊಬ್ಬರಿ ಒಡೆದ ಹಾಗಿತ್ತು. ಆಮೇಲೆ ನನ್ನನ್ನು ಮೆಟ್ಟಿಲ ಕೆಳಗೆ ತಳ್ಳಿ ಬಾಗಿಲು ಹಾಕಿದರು. ಬರಿಗಾಲು. ಕೆಳಗಿನ ಮನೆಯ ಮುದುಕ ಹೊರಗೆ ಬಂದು, ನನ್ನ ಕೈ ನೋಡಿ, ಏನೂ ಕೇಳದೆ ಪೊಲೀಸರಿಗೆ ಫೋನು ಮಾಡಿದ. ಅವರು ಬಾಗಿಲು ಒಡೆದು ಒಳಗೆ ಹೋದಾಗ ಮಾವ ನೆಲ ಒರೆಸುತ್ತಿದ್ದರಂತೆ.

ಈಗ ಮಾವ ಪೊಲೀಸರ ವಶದಲ್ಲಿದ್ದಾರೆ. ಅತ್ತೆ ಮತ್ತು ದಿಯಾಳನ್ನು ವಿಳಾಸ ಯಾರಿಗೂ ಹೇಳದ ಒಂದು ಮನೆಯಲ್ಲಿ ಇಟ್ಟಿದ್ದಾರೆ. ಅತ್ತೆಯ ದವಡೆಗೆ ತಂತಿ ಕಟ್ಟಿದ್ದಾರೆ. ಆಸ್ಪತ್ರೆಯಲ್ಲಿ ಚೀಟಿಯಲ್ಲಿ ಬರೆದು ತೋರಿಸಿದರು: ಕೇಸು ಬೇಡ, ಇಲ್ಲಿ ಇರುವ ನನ್ನ ಪರ್ಮಿಟ್ ಅವರ ಮೇಲಿದೆ, ಅವರು ಹೊರಗೆ ಬಂದ ಮೇಲೆ ನಾನು ಎಲ್ಲಿಗೆ ಹೋಗಲಿ. ಮಾವ ಹೇಳುತ್ತಿರುವುದು, ಅತ್ತೆಗೂ ನನಗೂ ಜಗಳವಾಯಿತು, ತಾನು ಬಿಡಿಸಿದೆ ಎಂದು. ಜನವರಿ 14ಕ್ಕೆ ವಿಚಾರಣೆ. ಒಳಗೆ ನಿಂತು ನೋಡಿದವಳು ನಾನೊಬ್ಬಳೇ.

ಅಮ್ಮ ಊರಿನಿಂದ ದಿನವೂ ಫೋನು ಮಾಡುತ್ತಾಳೆ. "ಏನೇ ಆಗ್ಲಿ, ನಾಲ್ಕು ತಿಂಗಳು ಅವರ ಮನೇಲಿ ಉಂಡಿದೀಯ. ನೋಡಿಲ್ಲ ಅಂದ್ಬಿಡು. ಚಿಕ್ಕಮ್ಮನ ಹೊಟ್ಟೆ ಉರಿಸಬೇಡ" ಎನ್ನುತ್ತಾಳೆ. ಮೈತ್ರೇಯಿಯ ಕೋಣೆಯ ನೆಲದ ಮೇಲೆ ಮಲಗುತ್ತಿದ್ದೇನೆ. ಪೇಪರ್ ಹಾಕುವ ಕೆಲಸ ಈ ಕೈಯಿಂದ ಆಗುವುದಿಲ್ಲ.

ನಿಮ್ಮ ಮೇಲೆ ನನಗೆ ತುಂಬಾ ಸಿಟ್ಟಿದೆ. ಆದರೂ ಕೇಳುತ್ತಿದ್ದೇನೆ, ಯಾಕೆಂದರೆ ನಾನು ಉಂಡದ್ದು ನಿಜ. ಅಲ್ಲಿ ಏನು ಹೇಳಲಿ?

ಇಂಚರಾ


ಹೆಲ್ಸಿಂಗ್‌ಬೋರ್ಯ್
28 ಡಿಸೆಂಬರ್ 2024

ಇಂಚರಾ,

ನಿನ್ನ ಕಾಗದ ಬರುವ ತನಕ ನಾನು ಯಾರ ಮಾತನ್ನೂ ನಂಬಲಿಲ್ಲ. ಅಭಯ್‌ನ ವಕೀಲರು ಒಂದು ಹೇಳಿದರು, ನಿನ್ನ ಅಮ್ಮ ಇನ್ನೊಂದು, ಪೊಲೀಸರು ಏನೂ ಹೇಳಲಿಲ್ಲ. ಎರಡು ದಿನ ಆ ಕಾಗದವನ್ನು ದೇವರ ಮುಂದೆ ಇಟ್ಟು ತೆಗೆದು ಓದಿದೆ. ಕೂದಲು ಹಿಡಿದ ಮಾತನ್ನು ನೀನು ಕಟ್ಟಿ ಬರೆದದ್ದಲ್ಲ. ನಾನೂ ಆ ಕೈ ನೋಡಿದ್ದೆ. ಆಶೀರ್ವಾದ ಮಾಡುವ ಕೈ ಬೆರಳು ಮಡಿಸುವುದಿಲ್ಲ. ಅವನ ಬೆರಳುಗಳು ಮಡಿಸಿಕೊಂಡಿದ್ದವು. ನೋಡಿದೆ, ನೋಡಿಯೂ ಆಣೆಯನ್ನು ಕೇಳಿಸಿಕೊಂಡೆ.

ನೀನು ಹೇಳದೆ ಬನ್ನಿ ಎಂದೆ. ನಾನು ಫೋನು ಮಾಡಿದೆ. ನಿನ್ನ ಬೆರಳು, ನಿಖಿತಾಳ ದವಡೆ ಅದಕ್ಕೆ ಹೋದವು. ಇದಕ್ಕೆ ನಾನು ನಿನ್ನ ಹತ್ತಿರ ಏನು ಹೇಳಿದರೂ ಸಾಲದು, ಆದ್ದರಿಂದ ಹೇಳುವುದಿಲ್ಲ. ಮಾಡಬೇಕಾದ್ದನ್ನು ಮಾಡುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ. ಆ ಫ್ಲಾಟನ್ನು ಕೊಂಡವಳು ನಾನು. ನಿನ್ನ ಚಿಕ್ಕತಾತ ತೀರಿಕೊಂಡಾಗ ಬಂದ ಹಣ ಅದು, ಮನೆ ಪತ್ರದಲ್ಲಿ ನನ್ನ ಒಬ್ಬಳದೇ ಹೆಸರಿದೆ. ಸೊಸೆಯ ಮುಂದೆ ಮಗ ಸಣ್ಣವನಾಗಬಾರದೆಂದು ಯಾರಿಗೂ ಹೇಳಿರಲಿಲ್ಲ. ಮನೆಯ ಕಂತು, ದಿನಸಿಯ ದುಡ್ಡು ತಿಂಗಳು ತಿಂಗಳು ನನ್ನ ಪೆನ್ಷನ್‌ನಿಂದ ಹೋಗುತ್ತದೆ. ಅವನ ಸಂಬಳ ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿದವಳಲ್ಲ. ಆ ಮನೆಯಲ್ಲಿ ಬಾಡಿಗೆ ಕೊಡದೆ ಕೂತಿದ್ದವನು ಅವನು. ನೀನು ಉಂಡದ್ದು ನನ್ನ ಅನ್ನ. ನಿಖಿತಾ ಡಬ್ಬಿಗೆ ಹಾಕಿದ್ದೂ ನನ್ನ ಅನ್ನ. ಆ ಅನ್ನ ನಿನ್ನ ಬಾಯಿ ಕಟ್ಟುವುದಾದರೆ ಕಟ್ಟುವ ಹಕ್ಕು ನನ್ನದು, ನಾನು ಕಟ್ಟುವುದಿಲ್ಲ. ನೋಡಿದ್ದನ್ನೆಲ್ಲ ಹೇಳು. ನೋಡದ್ದನ್ನು ಒಂದು ಅಕ್ಷರವೂ ಸೇರಿಸಬೇಡ. ನಾನು ಫೋನು ಮಾಡಿದ್ದನ್ನೂ, ನಿನ್ನ ಕಾಗದ ಅವನಿಗೆ ಓದಿದ್ದನ್ನೂ ಹೇಳು. ನನ್ನ ಮುಖ ನೋಡಿ ಅದನ್ನು ಬಿಟ್ಟರೆ ಉಳಿದದ್ದನ್ನು ಯಾಕೆ ನಂಬಬೇಕು ಎಂದು ಅವನ ವಕೀಲ ಕೇಳುತ್ತಾನೆ.

ನಿಖಿತಾಳ ಪರವಾಗಿರುವ ವಕೀಲೆಯ ಜೊತೆ ಮಾತಾಡಿದೆ. ಹೊಡೆತ ತಿಂದು ಗಂಡನನ್ನು ಬಿಟ್ಟವರಿಗೆ ಪರ್ಮಿಟ್ ಉಳಿಸಿಕೊಳ್ಳಲು ದಾರಿಯಿದೆಯಂತೆ, ಗ್ಯಾರಂಟಿಯಿಲ್ಲ, ಅರ್ಜಿ ಹಾಕಿ ನೋಡಬೇಕು ಎಂದರು. ಹಾಕಿಸುತ್ತೇನೆ. ಬೀಗ ಬದಲಾಯಿಸಲು ಹೇಳಿದ್ದೇನೆ. ಅವಳಿಗೆ ಮನಸ್ಸಿದ್ದರೆ ಆ ಮನೆಗೆ ಬರಲಿ, ಇಲ್ಲದಿದ್ದರೆ ಮಾರಿ ಬೇರೆ ಕೊಡಿಸುತ್ತೇನೆ. ನೀನು ಆ ಬಾಗಿಲ ಪಕ್ಕ ಮಲಗಬೇಕಾಗಿಲ್ಲ. ಕಾರಿಡಾರ್ ಕೋಣೆಗೆ ಹೋಗು, ಬಾಡಿಗೆ ನಾನು ಕೊಡುತ್ತೇನೆ, ನಿನ್ನ ಕೈ ಸರಿಯಾಗುವ ತನಕ. ಆಮೇಲೆ ನೀನೇ ದುಡಿದು ಕೊಡು.

ನಿನ್ನೆ ಪ್ರಾಸಿಕ್ಯೂಟರ್ ಆಫೀಸಿಗೆ ಫೋನು ಮಾಡಿದೆ. ಆರೋಪಿಯ ತಾಯಿಗೆ ಸಾಕ್ಷಿ ಹೇಳುವ ಬಲವಂತವಿಲ್ಲ, ಗೊತ್ತಲ್ಲ ಎಂದರು. ಗೊತ್ತು, ಬಲವಂತವಿಲ್ಲದೆಯೇ ಹೇಳುತ್ತೇನೆ ಎಂದೆ. ನೀನು ಕಳಿಸಿದ ಕಾಗದಗಳನ್ನೆಲ್ಲ ತರುತ್ತೇನೆ. ಆಣೆಯ ವಿಷಯ ಹೇಳುವವಳು ನಾನು, ಅದು ನಿನ್ನ ಕೆಲಸವಲ್ಲ. ಅವನು ಎದುರಿಗೆ ಕೂತಿರುತ್ತಾನೆ. ಕೂತಿರಲಿ. ಹೊತ್ತು ಹೆತ್ತವಳು ನಾನು, ನನಗೆ ಏನಾಗುತ್ತದೆ ಎನ್ನುವುದು ಈ ಕಾಗದದ ವಿಷಯವಲ್ಲ.

13ನೇ ತಾರೀಕಿನ ರೈಲಿಗೆ ಹೊರಡುತ್ತೇನೆ. ನಿನ್ನದು ಮೊದಲು, ನನ್ನದು ಆಮೇಲೆ. ನನ್ನ ಸರದಿ ಬರುವ ತನಕ ಒಳಗೆ ಬಿಡುವುದಿಲ್ಲವಂತೆ, ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ನೀನು ಮುಗಿಸಿ ಹೊರಗೆ ಬಂದಾಗ ನನ್ನ ಹತ್ತಿರ ಬರಬೇಡ. ಅಳಬೇಡ, ಕಾಲು ಮುಟ್ಟಬೇಡ. ಬಾಗಿಲು ತೆರೆದಿರುತ್ತದೆ, ಅವನು ನೋಡಿದರೆ ಅಜ್ಜಿ ಹೇಳಿಕೊಟ್ಟು ಕಳಿಸಿದಳು ಎನ್ನುತ್ತಾನೆ. ಪಕ್ಕಕ್ಕೆ ಸರಿದು ದಾರಿ ಬಿಡು. ನಾನು ಒಳಗೆ ಹೋಗಬೇಕು.

ರಮಾ ಅಜ್ಜಿ